ಸೊನ್ನೆ ಅಂಕಕ್ಕೆ ಪಾಸು

ಮನೆಯ ಸರ್ವರ್‌ನಲ್ಲಿ ಡಿಸ್ಕ್ ಕೈಕೊಡುವುದು ಭಾನುವಾರವೇ. ಗ್ರಹಚಾರ ಅಂತ ಹಣೆ ಚಚ್ಚಿಕೊಳ್ಳುವವರಿಗೆ ಒಂದು ಸಮಾಧಾನ: ಇದು ಶನಿಯ ಕಾಟವಲ್ಲ, ಹೇಳಿದ ಹೊತ್ತಿಗೆ ಕೆಲಸ ಶುರು ಮಾಡಿಸುವ ಕ್ರಾನ್ ಎಂಬ ತಂತ್ರಾಂಶದ ಕಾಟ. ಡೆಬಿಯನ್ ಲಿನಕ್ಸ್ ಮೇಲೆ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಹಾಕಿ ಹಲವು ಡಿಸ್ಕ್‌ಗಳನ್ನು ಒಂದೇ ‘ಪೂಲ್’ ಆಗಿ ಕಟ್ಟಿಕೊಂಡವರಿಗೆ ತಿಂಗಳ ಎರಡನೇ ಭಾನುವಾರ ನಡುರಾತ್ರಿ 12 ಗಂಟೆ 24 ನಿಮಿಷಕ್ಕೆ ಸ್ಕ್ರಬ್ ತಾನಾಗಿ ಶುರುವಾಗುತ್ತದೆ. ಡಿಸ್ಕ್‌ಗಳಲ್ಲಿ ತುಂಬಿಟ್ಟದ್ದನ್ನೆಲ್ಲ ಒಂದೂ ಬಿಡದೆ ಓದಿ ಚೆಕ್‌ಸಮ್ (ಬರೆಯುವಾಗಲೇ ಲೆಕ್ಕ ಹಾಕಿಟ್ಟ ತಪಾಸಣೆಯ ಅಂಕಿ) ತಾಳೆ ನೋಡುವ ಕೆಲಸ ಅದು. ಗೃಹಪ್ರವೇಶದ ನಾಲ್ಕು ಗಂಟೆಯ ವಿಡಿಯೋವನ್ನು ಮನೆಯವರು ಯಾರೂ ಪೂರ್ತಿ ನೋಡಿಲ್ಲ. ಸ್ಕ್ರಬ್ ನೋಡುತ್ತದೆ, ತಿಂಗಳಿಗೊಮ್ಮೆ, ಪುರೋಹಿತರ ಮೈಕ್ ಟೆಸ್ಟಿಂಗ್ ಸಮೇತ. ಎರಡು ವರ್ಷದಿಂದ ಯಾರೂ ಮುಟ್ಟದ ಮೂಲೆಯಲ್ಲಿ ಹಾಳಾಗಿದ್ದ ಸೆಕ್ಟರ್, ಅಂದರೆ ಡಿಸ್ಕಿನ ಒಂದು ಚಿಕ್ಕ ತುಣುಕು, ಅವತ್ತು ಸಿಕ್ಕಿಬೀಳುತ್ತದೆ. ಬೆಳಗ್ಗೆ ಇಡ್ಲಿ ಬೇಯುವ ಹೊತ್ತಿಗೆ ಮೇಲ್ ಬಂದಿರುತ್ತದೆ: ಪೂಲ್ ಡಿಗ್ರೇಡೆಡ್, ಅಂದರೆ ಒಂದು ಡಿಸ್ಕ್ ಕೈಕೊಟ್ಟಿದೆ. ಅವತ್ತೇ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರಸ್ತೆಯ ಹೆಚ್ಚಿನ ಅಂಗಡಿಗಳಿಗೆ ರಜೆ. ಈ ವೇಳಾಪಟ್ಟಿ ಬರೆದವರಿಗೆ ಬೆಂಗಳೂರಿನಲ್ಲಿ ಭಾನುವಾರ ಒಂದು ಸಾಟಾ ಕೇಬಲ್ ಕೊಳ್ಳುವ ಪ್ರಸಂಗ ಬಂದಿರಲಾರದು.

ಸುದ್ದಿ ಮನೆಯಲ್ಲಿ ಹರಡಿದ ಕೂಡಲೇ ಸಲಹೆಯೂ ಬರುತ್ತದೆ. ‘ಒಂದ್ಸಲ ಆಫ್ ಮಾಡಿ ಆನ್ ಮಾಡಪ್ಪ, ಸರಿಹೋಗುತ್ತೆ.’ ಸೆಟ್‌ಟಾಪ್ ಬಾಕ್ಸಿಗೆ ಇದು ದಿವ್ಯೌಷಧಿ, ಸರಿ. ಡಿಸ್ಕಿನ ವಿಷಯದಲ್ಲಿ ಇದನ್ನು ಕೇಳಲೇಬೇಡಿ. ವರ್ಷಗಟ್ಟಲೆ ನಿಲ್ಲದೆ ಸುತ್ತುತ್ತಿರುವ ಮೋಟರಿಗೆ ಸುತ್ತುತ್ತಲೇ ಇರುವುದು ಸುಲಭ, ನಿಂತಲ್ಲಿಂದ ಎದ್ದು ಹೊರಡುವುದು ಕಷ್ಟ. ಹೊರಡುವ ಕ್ಷಣದಲ್ಲಿ ಒಂದು ಮೂರೂವರೆ ಇಂಚಿನ ಡಿಸ್ಕ್ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ 8. ಕಾಯಿಲೆಯ ಡಿಸ್ಕ್ ಈಗ ಓಡುತ್ತಿದೆಯಾ? ಓಡಲಿ ಬಿಡಿ. ಓಡುತ್ತಿರುವಾಗಲೇ ಮತ್ತೆ ಸಿಗದಂಥದ್ದನ್ನು ಮೊದಲು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಮೊದಲು ಫೋಟೋ, ಆಮೇಲೆ ಕಾಗದಪತ್ರ. ಸಿನಿಮಾ ಕೊನೆಗೆ, ಅದು ಇನ್ನೊಂದು ಕಡೆ ಸಿಕ್ಕೇ ಸಿಗುತ್ತದೆ.

ಆಮೇಲೆ ಟರ್ಮಿನಲ್ ತೆರೆದು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ‘ಸ್ಮಾರ್ಟ್’ ಲೆಕ್ಕ ಓದುವ ಸ್ಮಾರ್ಟ್‌ಸಿಟಿಎಲ್ ಓಡಿಸುತ್ತೀರಿ. ಡಿಸ್ಕ್ ಯುಎಸ್‌ಬಿ ಡಬ್ಬಿಯಲ್ಲಿದ್ದರೆ ಡಿವೈಸ್ ಬಗೆ ‘ಸ್ಯಾಟ್’ ಎಂದು ಹೇಳಬೇಕಾಗಬಹುದು, ಇಲ್ಲದಿದ್ದರೆ ಡಬ್ಬಿಯ ಚಿಪ್ ನಡುವೆ ನಿಂತು ಏನೂ ಗೊತ್ತಿಲ್ಲ ಎನ್ನುತ್ತದೆ. ಪರದೆಯ ಮೇಲೆ ಎರಡು ಪುಟ ಅಂಕಿ ಸುರಿಯುತ್ತದೆ. ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ, ಒಟ್ಟು ಆರೋಗ್ಯದ ಫಲಿತಾಂಶ: ಪಾಸ್ಡ್.

ಪಾಸಂತೆ! ಅರ್ಧ ಗಂಟೆ ಹಿಂದೆ ಇದೇ ಡಿಸ್ಕ್ ನಲವತ್ತು ಸೆಕ್ಟರ್ ಓದಲಾಗದೆ ಕೈಚೆಲ್ಲಿದೆ. ಕರ್ನಲ್ ಲಾಗ್ ತುಂಬ ಅದರದೇ ಗೋಳು. ಪೂಲ್ ಅದನ್ನು ಹೊರಗೆ ಹಾಕಿದೆ. ಆದರೂ ಪಾಸು.

ಈ ಪಾಸಿನ ಹಿಂದಿನ ಲೆಕ್ಕ ತಿಳಿದರೆ ಸಿಟ್ಟು ಇನ್ನೂ ಏರುತ್ತದೆ. ಪ್ರತಿ ಸಾಲಿನಲ್ಲೂ ವ್ಯಾಲ್ಯೂ, ವರ್ಸ್ಟ್, ಥ್ರೆಶ್ ಎಂದು ಮೂರು ಕಾಲಂ ಇವೆ, ತುದಿಯಲ್ಲಿ ರಾ ವ್ಯಾಲ್ಯೂ. ವ್ಯಾಲ್ಯೂ ಅನ್ನುವುದು ಅಂಕ. ಸಾಮಾನ್ಯವಾಗಿ 100ರಿಂದಲೋ 200ರಿಂದಲೋ ಶುರುವಾಗಿ, ಡಿಸ್ಕ್ ಹದಗೆಟ್ಟಂತೆ ಇಳಿಯಬೇಕು. ಥ್ರೆಶ್ ಅನ್ನುವುದು ಪಾಸಾಗಲು ಬೇಕಾದ ಕನಿಷ್ಠ. ಅಂಕ ಇಳಿದಿಳಿದು ಆ ಗೆರೆ ಮುಟ್ಟಿದರೆ ಮಾತ್ರ ಫೇಲು. ಯಾವ ತಪ್ಪಿಗೆ ಎಷ್ಟು ಅಂಕ ಕಳೆಯಬೇಕು, ಗೆರೆ ಎಲ್ಲಿ ಎಳೆಯಬೇಕು ಎರಡನ್ನೂ ತೀರ್ಮಾನಿಸುವುದು ಡಿಸ್ಕ್ ತಯಾರಿಸಿದವರೇ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಫಲಿತಾಂಶ ಎಲ್ಲ ಹುಡುಗನ ಅಪ್ಪನ ಕೈಯಲ್ಲಿ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಗೆ 35 ಬೇಕಿತ್ತು. 34 ಬಂದವನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಇಲ್ಲಿ ಹಾಳಾದ ಸೆಕ್ಟರ್‌ಗಳನ್ನು ಬದಲಿಸಿದ ಲೆಕ್ಕಕ್ಕೆ, ಅಂದರೆ 5ನೇ ಸಾಲಿಗೆ, ಕೆಲವು ಡಿಸ್ಕ್‌ಗಳಲ್ಲಿ ಗೆರೆ ಇರುವುದು 10ಕ್ಕೆ. ಅದಾದರೂ ಪರವಾಗಿಲ್ಲ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಾಲು 197, ಇದ್ದುದರಲ್ಲಿ ಅತಿ ಮುಖ್ಯವಾದದ್ದು. ಅದರ ಎದುರಿನ ಥ್ರೆಶ್ ನೋಡಿ. ಸಾಮಾನ್ಯವಾಗಿ 000.

ಸೊನ್ನೆ. ಪಾಸಾಗಲು ಸೊನ್ನೆಗಿಂತ ಮೇಲಿದ್ದರೆ ಸಾಕು. ಇನ್ನೊಂದು ತಮಾಷೆ ಎಂದರೆ, ಈ ಪದ್ಧತಿಯಲ್ಲಿ ಅಂಕ 1ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಖಾಲಿ ಉತ್ತರಪತ್ರಿಕೆ ಕೊಟ್ಟರೂ, ಪರೀಕ್ಷೆಗೇ ಬಾರದಿದ್ದರೂ, ಪರೀಕ್ಷಾ ಕೇಂದ್ರಕ್ಕೆ ಬೆಂಕಿ ಹಚ್ಚಿದರೂ ಈ ವಿಷಯದಲ್ಲಿ ಫೇಲಾಗಲು ದಾರಿಯೇ ಇಲ್ಲ. ಇಷ್ಟು ಉದಾರ ಮೌಲ್ಯಮಾಪಕರ ಕೈಯಲ್ಲೂ ಒಂದು ಡಿಸ್ಕ್ ಫೇಲಾಯಿತು ಅಂದರೆ ನಂಬಿ. ಆಗ ಸ್ಮಾರ್ಟ್‌ಸಿಟಿಎಲ್ ದೊಡ್ಡ ದನಿಯಲ್ಲಿ 24 ಗಂಟೆಯೊಳಗೆ ಡಿಸ್ಕ್ ಹೋಗುವ ನಿರೀಕ್ಷೆಯಿದೆ, ಡೇಟಾ ಉಳಿಸಿಕೊಳ್ಳಿ ಎಂದು ಕೂಗುತ್ತದೆ. ಕೂಗುವ ಹೊತ್ತಿಗೆ ಎಷ್ಟೋ ಡಿಸ್ಕ್‌ಗಳು ಕೇಳಿಸಿಕೊಳ್ಳುವ ಸ್ಥಿತಿ ದಾಟಿರುತ್ತವೆ.

ಹಾಗಾಗಿ ಮೇಲಿನ ಸಾಲನ್ನು ಮರೆತು ತುದಿಯ ರಾ ವ್ಯಾಲ್ಯೂ ಓದಬೇಕು. 5, 187 (ಸರಿಪಡಿಸಲಾಗದ ತಪ್ಪುಗಳು), 197, 198 (ಸರಿಪಡಿಸಲಾಗದ ಸೆಕ್ಟರ್‌ಗಳು) ಈ ನಾಲ್ಕು ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಬರೆದಿಟ್ಟುಕೊಳ್ಳಿ, ವಾರ ಬಿಟ್ಟು ಮತ್ತೆ ನೋಡಿ. 5ರಲ್ಲಿ ಎಂಟೋ ಹತ್ತೋ ಇದ್ದು ವರ್ಷವಿಡೀ ಕದಲದೆ ನಿಂತಿದ್ದರೆ ಅದು ಹಳೆ ಗಾಯ. ವಾರಕ್ಕೆ ಹತ್ತು, ಮೂವತ್ತು, ನೂರು ಎಂದು ಏರುತ್ತಿದ್ದರೆ ಮೇಲೆ ಏನೇ ಬರೆದಿರಲಿ, ಹೊಸ ಡಿಸ್ಕಿಗೆ ದುಡ್ಡು ಹೊಂದಿಸಿ. 197ರಲ್ಲಿರುವುದು ಇನ್ನೂ ತೀರ್ಮಾನವಾಗದ ಪ್ರಕರಣಗಳು: ಆ ಜಾಗಕ್ಕೆ ಹೊಸದಾಗಿ ಬರೆದಾಗ ಸೆಕ್ಟರ್ ಚೇತರಿಸಿಕೊಂಡರೆ ಲೆಕ್ಕ ಇಳಿಯುತ್ತದೆ, ಇಲ್ಲದಿದ್ದರೆ ಅದರ ಬದಲಿಗೆ ಮೀಸಲು ಸೆಕ್ಟರ್ ಕೊಟ್ಟು 5ನೇ ಸಾಲಿಗೆ ಸೇರಿಸಲಾಗುತ್ತದೆ.

ಹೆದರಬೇಕಾದಲ್ಲಿ ಪಾಸು ಅನ್ನುವ ಈ ಪಟ್ಟಿ, ಹೆದರಬೇಡದಲ್ಲಿ ಕೋಟಿಗಟ್ಟಲೆ ಅಂಕಿ ತೋರಿಸಿ ಎದೆ ಒಡೆಯಿಸುತ್ತದೆ. ಸೀಗೇಟ್ ಡಿಸ್ಕ್‌ಗಳ 7ನೇ ಸಾಲು, ಸೀಕ್ ಎರರ್ ರೇಟ್, ಮೂವತ್ತು ಕೋಟಿ ಎಂದು ಕೂತಿರುವುದುಂಟು. ಅಷ್ಟೂ ತಪ್ಪುಗಳಲ್ಲ. ಅದು 48 ಬಿಟ್‌ನ ಸಂಖ್ಯೆ. ಕೆಳಗಿನ 32 ಬಿಟ್ ಒಟ್ಟು ಎಷ್ಟು ಸಲ ಹೆಡ್ (ಓದಿ ಬರೆಯುವ ತುದಿ) ಓಡಾಡಿದೆ ಎಂಬ ಎಣಿಕೆ, ಮೇಲಿನ 16 ಬಿಟ್ ಮಾತ್ರ ನಿಜವಾದ ತಪ್ಪು. ಸುಮಾರು 429 ಕೋಟಿ ದಾಟುವವರೆಗೆ ತಪ್ಪು ಸೊನ್ನೆ. ಇದನ್ನು ಅಲ್ಲೇ ಒಂದು ಸಾಲಿನಲ್ಲಿ ಬರೆದಿದ್ದರೆ ಎಷ್ಟು ಒಳ್ಳೆ ಡಿಸ್ಕ್‌ಗಳು ಅಕಾಲ ಮರಣದಿಂದ ಪಾರಾಗುತ್ತಿದ್ದವೋ.

ಅತ್ತ ಪಟ್ಟಿಯೆಲ್ಲ ಸೊನ್ನೆ ಇದ್ದು ಸಾಯುವ ಡಿಸ್ಕ್‌ಗಳೂ ಇವೆ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇಕಡಾ 36ಕ್ಕೂ ಹೆಚ್ಚಿನವು, ತಾಪಮಾನದ ಲೆಕ್ಕ ಬಿಟ್ಟರೆ, ಒಂದೇ ಒಂದು ಸ್ಮಾರ್ಟ್ ಸೂಚನೆಯನ್ನೂ ಕೊಟ್ಟಿರಲಿಲ್ಲ. ರಾತ್ರಿ ಮಲಗಿ ಬೆಳಗ್ಗೆ ಏಳಲಿಲ್ಲ, ಅಷ್ಟೇ.

ಇನ್ನು 199. ಸಿಆರ್‌ಸಿ ಎರರ್. ಇದೊಂದು ಸಾಲು ಏರುತ್ತಿದ್ದು ಉಳಿದ ನಾಲ್ಕು ಸೊನ್ನೆ ಇದ್ದರೆ ಡಿಸ್ಕ್ ನಿರಪರಾಧಿ. ಬೋರ್ಡಿನಿಂದ ಡಿಸ್ಕಿಗೆ ಹೋಗುವ ದಾರಿಯಲ್ಲಿ ಡೇಟಾ ಕೆಡುತ್ತಿದೆ. ತೊಂಬತ್ತು ಪಾಲು ಅದು ಕೇಬಲ್. ಆ ತೆಳ್ಳನೆ ಕೆಂಪು ಸಾಟಾ ಕೇಬಲ್‌ನ ತುದಿಯಲ್ಲಿ ಲೋಹದ ಕ್ಲಿಪ್ ಇಲ್ಲದಿದ್ದರೆ, ಫ್ಯಾನ್ ಒರೆಸುವ ನೆಪದಲ್ಲಿ ಯಾರಾದರೂ ಕೈ ತಾಗಿಸಿದರೂ ಅರ್ಧ ಮಿಲಿಮೀಟರ್ ಜಾರುತ್ತದೆ. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ. ಸುಮ್ಮನೆ ತೆಗೆದು ತೆಗೆದು ಚುಚ್ಚುವುದೂ ಬೇಡ: ಡಬ್ಬಿಯೊಳಗಿನ ಸಾಟಾ ಕನೆಕ್ಟರ್‌ಗೆ ಲೆಕ್ಕ ಹಾಕಿರುವ ಆಯಸ್ಸೇ 50 ಸಲ. ಕೇಬಲ್ ಬದಲಿಸಿದ ಮೇಲೂ 199ರ ಅಂಕಿ ಇಳಿಯುವುದಿಲ್ಲ, ಯಾವತ್ತೂ ಇಳಿಯುವುದಿಲ್ಲ. ನಿಂತರೆ ಗೆದ್ದಿರಿ.

ಹಾಗೆಯೇ ಎರಡು ಮೂರು ಡಿಸ್ಕ್ ಒಂದೇ ನಿಮಿಷದಲ್ಲಿ ಮಾಯವಾದರೆ ಅವು ಮಾತಾಡಿಕೊಂಡು ಸತ್ತಿಲ್ಲ. ಎಲ್ಲಕ್ಕೂ ಪವರ್ ಕೊಡುವ ಎಸ್‌ಎಂಪಿಎಸ್, ಇಲ್ಲವೇ ಡಿಸ್ಕ್‌ಗಳನ್ನು ಜೋಡಿಸಿದ ಕಂಟ್ರೋಲರ್ ಕಾರ್ಡ್ ನೋಡಿ. ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಪವರ್ ಕೊಡುವ ಅಚ್ಚು ಹೊಯ್ದ ಅಗ್ಗದ ಪಿನ್ ಹಾಕಿದ್ದರೆ ಇವತ್ತೇ ಕಿತ್ತು ಬಿಸಾಡಿ. ಒಳಗೆ ತಂತಿಗೆ ತಂತಿ ತಾಗಿ ಅವು ಕರಗುವುದೂ ಉಂಟು, ಹೊತ್ತಿಕೊಳ್ಳುವುದೂ ಉಂಟು.

ಅನುಮಾನ ಉಳಿದರೆ, ಡಿಸ್ಕ್ ತನ್ನನ್ನು ತಾನೇ ಪೂರ್ತಿ ಓದಿ ನೋಡುವ ಲಾಂಗ್ ಟೆಸ್ಟ್. ಶಾರ್ಟ್ ಟೆಸ್ಟ್ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಅದರಿಂದ ಸಿಗುವ ಮಾಹಿತಿಯೂ ಎರಡು ನಿಮಿಷದಷ್ಟೇ. 8 ಟಿಬಿ ಡಿಸ್ಕಿಗೆ ಲಾಂಗ್ ಟೆಸ್ಟ್ ಹನ್ನೆರಡು ಗಂಟೆಯ ಮೇಲೆ ಹಿಡಿಯುತ್ತದೆ. ಇನ್ನು 90 ಶೇಕಡಾ ಬಾಕಿ, 80 ಬಾಕಿ ಎಂದು ಹತ್ತರ ಮೆಟ್ಟಿಲಲ್ಲಿ ಇಳಿಯುತ್ತದೆ. 10 ಬಾಕಿ ಎಂಬಲ್ಲಿಗೆ ಬಂದಾಗ ಕರೆಂಟ್ ಹೋಗುತ್ತದೆ. ಯುಪಿಎಸ್ ಇದೆಯಲ್ಲ ಎನ್ನಬೇಡಿ. ಅದರೊಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಹಾಕಿ ಮೂರು ವರ್ಷ ದಾಟಿದ್ದರೆ ಅದೀಗ ಬರೀ ಬೀಪ್ ಅನ್ನುವ ಡಬ್ಬ. ಬ್ಯಾಟರಿ ಬದಲಿಸಿದವರು ಯುಪಿಎಸ್‌ನ ಯುಎಸ್‌ಬಿ ತಂತಿಯನ್ನೂ ಸರ್ವರ್‌ಗೆ ಚುಚ್ಚಿ ‘ನಟ್’ ತಂತ್ರಾಂಶ ಹಾಕಿಕೊಳ್ಳಿ, ಬ್ಯಾಟರಿ ಮುಗಿಯುವ ಮುಂಚೆ ಸರ್ವರ್ ತಾನೇ ಮರ್ಯಾದೆಯಿಂದ ಮಲಗುತ್ತದೆ.

ಟಕ್, ಟಕ್, ಟಕ್ ಎಂಬ ಸದ್ದು ಶುರುವಾದರೆ ಟೆಸ್ಟಿನ ಅಗತ್ಯವೂ ಇಲ್ಲ. ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ವಾಪಸಾಗುವ ಸದ್ದು ಅದು. ಹಿರಿಯರಿರುವ ಮನೆಯಲ್ಲಿ ಇದನ್ನು ಮೊದಲು ಕೇಳಿಸಿಕೊಳ್ಳುವವರು ಅವರೇ. ‘ಲೋ, ಟಿವಿ ಹಿಂದೆ ಹಲ್ಲಿ ಲೊಚಗುಡ್ತಿದೆ ನೋಡೋ.’ ಆ ಹೊತ್ತಿಗೆ ಸರಿಯಾಗಿ ಮಗರಾಯ ಫೋನಿನಲ್ಲಿ ಯಾರಿಗೋ ಎಲ್ಲದಕ್ಕೂ ಬ್ಯಾಕಪ್ ಇದೆ ಎನ್ನುತ್ತಿದ್ದರೆ, ‘ಸತ್ಯವಂತೆ’ ಎಂದು ಅಮ್ಮ ನೆಲ ಕುಟ್ಟಿಯೂ ಆಯಿತು. ಈ ಹಂತದಲ್ಲಿ ಫ್ರೀಜರ್‌ನಲ್ಲಿಡು ಎನ್ನುವ ಮಹಾನುಭಾವರು ಒಬ್ಬರಾದರೂ ಸಿಗುತ್ತಾರೆ. ಬೇಡ. ಹೊರಗೆ ತೆಗೆದ ಕೂಡಲೇ ತಟ್ಟೆಗಳ ಮೇಲೆ ತೇವ ಕೂರುತ್ತದೆ, ಉಳಿದದ್ದೂ ಹೋಗುತ್ತದೆ. ಸದ್ದು ಮಾಡದೆ ಅಲ್ಲಲ್ಲಿ ಮಾತ್ರ ಓದಲಾಗದ ಡಿಸ್ಕ್ ಆದರೆ ಅದರಿಂದ ಡೇಟಾ ಎತ್ತಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದೆ: ಮೊದಲ ಸುತ್ತಿನಲ್ಲಿ ಕಷ್ಟದ ಜಾಗವನ್ನು ಕೆರೆಯದೆ ಬಿಟ್ಟು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳಿ, ಎಲ್ಲಿಯವರೆಗೆ ಆಯಿತೆಂಬ ಮ್ಯಾಪ್ ಫೈಲ್ ಕಡ್ಡಾಯವಾಗಿ ಇಟ್ಟುಕೊಳ್ಳಿ, ಎರಡನೇ ಸುತ್ತಿನಲ್ಲಿ ಬಿಟ್ಟ ಜಾಗಕ್ಕೆ ಮೂರು ಸಲ ಪ್ರಯತ್ನಿಸಲು ಹೇಳಿ. ಟಕ್ ಟಕ್ ಅನ್ನುವ ಡಿಸ್ಕನ್ನು ಮಾತ್ರ ಆಫ್ ಮಾಡಿ, ಒಳಗಿರುವುದಕ್ಕೆ ಬೆಲೆ ಇದ್ದರೆ ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ.

ಬೆಲೆ ಇರುವುದೇನು ಎಂದು ಡಿಡಿರೆಸ್ಕ್ಯೂ ಎಷ್ಟು ಬಾಚಿತೆಂಬ ಲೆಕ್ಕ ನೋಡುತ್ತ ಕೂತಾಗ ಗೊತ್ತಾಗುತ್ತದೆ. 11 ಟಿಬಿಯಲ್ಲಿ ಹತ್ತೂಮುಕ್ಕಾಲು ಹೋದರೂ ಯಾರೂ ಅಳುವುದಿಲ್ಲ. ಅಜ್ಜಿ ಹಳೇ ನೋಕಿಯಾ ಫೋನಿನಲ್ಲಿ ಹಾಡಿದ ಒಂದು ಹಸೆಹಾಡು, ಮೂರು ಎಂಬಿಯೂ ಇಲ್ಲ, ಫೈಲಿನ ಹೆಸರು ಕೂಡ ‘ವಾಯ್ಸ್ 007’. ಅದು ಓದಿಬಂತಾ ಎಂದು ಮಾತ್ರ ಎಲ್ಲರೂ ಬಂದು ಬಂದು ಕೇಳುತ್ತಾರೆ.

ಡಿಸ್ಕ್ ಬದಲಿಸುವುದೆಂದು ತೀರ್ಮಾನವಾಯಿತು ಎನ್ನೋಣ. ಯಾವ ಡಿಸ್ಕ್? ಪರದೆ ಹೇಳುತ್ತದೆ: ಎಸ್‌ಡಿಸಿ. ಡಬ್ಬಿ ತೆರೆದರೆ ಒಂದೇ ಗಾತ್ರ, ಒಂದೇ ಬಣ್ಣದ ನಾಲ್ಕು ಡಿಸ್ಕ್. ಯಾವುದರ ಮೇಲೂ ಎಸ್‌ಡಿಸಿ ಎಂದು ಬರೆದಿಲ್ಲ, ಬರೆದಿದ್ದರೂ ರೀಬೂಟ್ ಆದ ಮೇಲೆ ಅದೇ ಎಸ್‌ಡಿಬಿ ಆಗಿರಬಹುದು. ನಂಬಬೇಕಾದ್ದು ಸೀರಿಯಲ್ ನಂಬರ್. ಅದು ಅಚ್ಚಾಗಿರುವುದು ಬೆನ್ನ ಮೇಲಿನ ಲೇಬಲ್‌ನಲ್ಲಿ, ಆ ಬೆನ್ನು ಪಕ್ಕದ ಡಿಸ್ಕಿಗೆ ಒಂದು ಸೆಂಟಿಮೀಟರ್ ದೂರದಲ್ಲಿದೆ. ಟಾರ್ಚ್ ಹಿಡಿಯಲು ಒಬ್ಬರು, ಸಂದಿಯಲ್ಲಿ ಮೊಬೈಲ್ ತೂರಿಸಲು ಒಬ್ಬರು. ಫೋಟೋ ಹಿಗ್ಗಿಸಿ ನೋಡಿದರೆ ಅದು 8 ಇರಬಹುದು, ಬಿ ಇರಬಹುದು. ಒಂದು ಡಿಸ್ಕಿನ ಪ್ಯಾರಿಟಿ ಮಾತ್ರ ಇರುವ, ಅಂದರೆ ಒಂದೇ ಡಿಸ್ಕ್ ಹೋದರೆ ತಡೆದುಕೊಳ್ಳುವ, ಪೂಲ್‌ನಲ್ಲಿ ಕೆಟ್ಟದ್ದರ ಬದಲು ಒಳ್ಳೆಯದನ್ನು ಎಳೆದರೆ ಅಲ್ಲಿಗೆ ಪೂಲ್ ನಿಂತುಹೋಗುತ್ತದೆ. ಎಲ್‌ಇಡಿ ಇರುವ ಡಬ್ಬಿಯಾದರೆ ಒಳ್ಳೆ ಡಿಸ್ಕ್‌ಗಳಿಂದ ಡಿಡಿ ಎಂಬ ಕಮಾಂಡ್ ಹಾಕಿ ಸುಮ್ಮನೆ ಓದಿಸುತ್ತಿರಿ; ಮಿನುಗದೆ ಕೂತಿರುವುದೇ ಕಳ್ಳ. ಮುಂದಿನ ಸಲಕ್ಕಾದರೂ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಬರೆದು ಡಿಸ್ಕಿನ ಮೂತಿಗೆ ಚೀಟಿ ಅಂಟಿಸಿ, ಪೂಲ್ ಕಟ್ಟುವಾಗಲೇ ಸೀರಿಯಲ್ ಸೇರಿರುವ ‘ಬೈ-ಐಡಿ’ ಹೆಸರು ಬಳಸಿ.

ಹೊಸ ಡಿಸ್ಕ್ ಕೊಳ್ಳುವಾಗ, ಬರಹದ ಟ್ರ್ಯಾಕ್‌ಗಳು ಬೇರೆ ಬೇರೆಯಾಗಿರುವ ಸಿಎಂಆರ್ ಬಗೆಯದು ಎಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ಹೊಸ ಡಿಸ್ಕಿಗೆ ಪೂಲ್‌ನ ಡೇಟಾ ಮತ್ತೆ ತುಂಬಿಸುವ ರೀಸಿಲ್ವರ್‌ನ ಸತತ ಬರಹಕ್ಕೆ ಅವು ಉಸಿರುಗಟ್ಟಿ ದಿನಗಟ್ಟಲೆ ಎಳೆಯುತ್ತವೆ, ಕೊನೆಗೆ ಪೂಲ್‌ನಿಂದ ಬಿದ್ದೇಹೋಗುವುದೂ ಇದೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬೆಳಕಿಗೆ ಬಂದು ದೊಡ್ಡ ಗಲಾಟೆಯೇ ಆಯಿತು, ಆಮೇಲೆ ಸಿಎಂಆರ್‌ಗೆ ರೆಡ್ ಪ್ಲಸ್ ಎಂಬ ಹೆಸರು ಬಂತು. ಹೊಸದೆಂದು ಕೊಟ್ಟದ್ದು ಹೊಸದೇ ಎಂದೂ ನೋಡಬೇಕಾದ ಕಾಲ ಇದು: 2025ರ ಆರಂಭದಲ್ಲಿ ಯುರೋಪಿನಲ್ಲಿ ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕ್‌ಗಳನ್ನು ಯಾರೋ ಸ್ಮಾರ್ಟ್ ಲೆಕ್ಕ ಸೊನ್ನೆ ಮಾಡಿ ಮಾರುಕಟ್ಟೆಗೆ ಬಿಟ್ಟದ್ದು ಸಿಕ್ಕಿಬಿತ್ತು. ಅದನ್ನು ಹಿಡಿದುಕೊಟ್ಟದ್ದು ಡಿಸ್ಕಿನೊಳಗಿನ ‘ಫಾರ್ಮ್’ ಎಂಬ ಇನ್ನೊಂದು ಲಾಗ್, ಸ್ಮಾರ್ಟ್‌ಸಿಟಿಎಲ್ 7.4ರಿಂದ ಅದನ್ನೂ ಓದಬಹುದು.

ಪೂಲ್‌ಗೆ ಸೇರಿಸುವ ಮುಂಚೆ ಹೊಸ ಡಿಸ್ಕನ್ನು ಬ್ಯಾಡ್‌ಬ್ಲಾಕ್ಸ್ ಎಂಬ ತಂತ್ರಾಂಶದ ಬರೆಯುವ ಪರೀಕ್ಷೆಗೆ ಹಾಕಿ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುವ ಪರೀಕ್ಷೆ ಇದು, ಆದ್ದರಿಂದ ಎಂಟರ್ ಒತ್ತುವ ಮುಂಚೆ ಸೀರಿಯಲ್ ಇನ್ನೊಮ್ಮೆ ಓದಿ. ನಾಲ್ಕು ವಿನ್ಯಾಸ, ಪ್ರತಿಯೊಂದನ್ನೂ ಪೂರ್ತಿ ಬರೆದು ಪೂರ್ತಿ ಓದುತ್ತದೆ. 8 ಟಿಬಿಗೆ ನಾಲ್ಕು ದಿನ. ಅಷ್ಟು ದಿನ ಡಿಸ್ಕ್ ಬಂದ ಡಬ್ಬ, ಮುಖ್ಯವಾಗಿ ಆ ಬೆಳ್ಳಿ ಬಣ್ಣದ ಆಂಟಿ-ಸ್ಟ್ಯಾಟಿಕ್ ಚೀಲ, ಜೋಪಾನ. ವಾರಂಟಿಗೆ ಕಳಿಸುವಾಗ ಅದು ಬೇಕೇ ಬೇಕು. ಅಡುಗೆಮನೆಯಲ್ಲಿ ಅದರ ಮೇಲೆ ಕಣ್ಣಿಟ್ಟವರಿದ್ದಾರೆ: ಜಿಪ್ ಗಟ್ಟಿ, ತೇವ ಒಳಗೆ ಬಿಡಲ್ಲ, ಬ್ಯಾಡಗಿ ಮೆಣಸಿನಕಾಯಿಗೆ ಹೇಳಿ ಮಾಡಿಸಿದ ಅಳತೆ.