ಬಿಎಸ್‌ಡಬ್ಲ್ಯೂ ಮಕ್ಕಳಿಗೆ ನಿಜವಾದ ಫೀಲ್ಡ್ ವರ್ಕ್ ಕೊಡಿ

"ಸಮಾಜ ಸೇವೆ ಮಾಡಾಕೂ ಡಿಗ್ರಿ ಬೇಕಾ?" ಬಿಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಪದವಿಗೆ ಸೇರಿದ ಮಕ್ಕಳು ಮದುವೆ, ಜಾತ್ರೆ ಅಂತ ಎಲ್ಲಿ ಹೋದರೂ ಕೇಳಿಸಿಕೊಳ್ಳುವ ಮಾತಿದು. ಬೇಕು ಅಂತಲೇ ನನ್ನ ಉತ್ತರ. ಯಾಕೆ ಅನ್ನೋದನ್ನು ಇವತ್ತು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನೂ ಅದನ್ನೇ ಓದಿದವಳು. ಈಗ ನಾನಿರುವ ಸಂಸ್ಥೆಗೆ ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಕೆಲಸ. ವಿದ್ಯಾರ್ಥಿಗಳು ಫೀಲ್ಡ್ ವರ್ಕ್‌ಗೆ ಅಂತ ನಮ್ಮಲ್ಲಿಗೆ ಬರುತ್ತಾರೆ. ಹಾಗೆ ಬಂದ ಹುಡುಗಿಯೊಬ್ಬಳು ಒಂದು ಮನೆಗೆ ಹೋಗಿ ಬಂದು ವರದಿ ಕೊಟ್ಟಳು. ಮನೆಯಲ್ಲಿ ಕಿವಿ ಕೇಳಿಸದ ಹುಡುಗ ಇದ್ದಾನೆ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆಗಿಲ್ಲ, ಹಾಗಾಗಿ ಪಿಂಚಣಿಯೂ ಇಲ್ಲ. ಕಾರಣ: "ಪೋಷಕರಲ್ಲಿ ಅರಿವಿನ ಕೊರತೆ".

ಮತ್ತೆ ಹೋಗಿ ಆ ತಾಯಿ ಹತ್ತಿರ ಕೂತು ಬಾ, ನೀನೇನೂ ಹೇಳಬೇಡ ಅಂದೆ. ಹೋದಳು. ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರಂತೆ. ಇವಳೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದಳು. ಆಮೇಲೆ ಮಾತು ಬಂತು: "ಕಾರ್ಡಿಂದು ಗೊತ್ತೈತವ್ವಾ. ಎರಡು ಸಲ ಹೋಗಿ ಬಂದೀನಿ. ಒಮ್ಮೆ ಡಾಕ್ಟರ್ ಇರಲಿಲ್ಲ, ಇನ್ನೊಮ್ಮೆ ಆಧಾರ್‌ದಾಗ ಹೆಸರು ತಪ್ಪೈತಿ ಅಂದ್ರು. ಬಸ್ಸೇನೋ ಫ್ರೀ ಐತಿ, ಆ ದಿನದ ಕೂಲಿ ಯಾರು ಕೊಡ್ತಾರ?"

ಎರಡನೇ ವರದಿ ಬೇರೆಯೇ ಆಗಿತ್ತು. ಮೊದಲು ಆಧಾರ್ ತಿದ್ದುಪಡಿ. ಪಂಚಾಯ್ತಿಯಲ್ಲಿ ಅಂಗವಿಕಲರಿಗಾಗಿಯೇ ಇರುವ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳುವುದು. ಕಿವಿ ಡಾಕ್ಟರ್ ಯಾವ ವಾರ ಬರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳುವುದು. ಕಾರ್ಡ್ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು, ಆದರೆ ಬಂತು. ಒಳ್ಳೆಯ ಮನಸ್ಸು ಆ ಹುಡುಗಿಗೆ ಮೊದಲೂ ಇತ್ತು. ಎದುರಿಗಿರುವವರನ್ನು ದೂರದೆ, ಅಡ್ಡಿ ಎಲ್ಲಿದೆ ಅಂತ ಹುಡುಕುವುದು ಕಲಿತ ಮೇಲೇ ಬಂದಿದ್ದು. ಕೇಸ್ ವರ್ಕ್ ಅಂದರೆ ಇದೇ. ಕ್ಲಾಸಿನಲ್ಲಿ ನೋಟ್ಸ್ ಬರೆಸಿದ ಮಾತ್ರಕ್ಕೆ ಇದು ಬರುವುದಿಲ್ಲ.

ನನಗೆ ಸಂಕಟವಾಗುವುದು ಇಲ್ಲೇ. ಎಷ್ಟೋ ಕಡೆ ಫೀಲ್ಡ್ ವರ್ಕ್ ಅಂದರೆ ಬ್ಯಾನರ್ ಹಿಡಿದು ಒಂದು ಜಾಥಾ, ಅಂಗನವಾಡಿ ಮುಂದೆ ಗ್ರೂಪ್ ಫೋಟೋ, ಡೈರಿಗೆ ಸಹಿ. ಇಡೀ ಕ್ಲಾಸನ್ನು ಒಂದೇ ಜಾಗಕ್ಕೆ ಕಳಿಸಿದರೆ ಯಾರು ಯಾರ ಜೊತೆ ಮಾತಾಡಬೇಕು? ಹುಡುಗಿಯರಿಗೆ ಶಕ್ತಿ ಯೋಜನೆಯ ಬಸ್ಸಾದರೂ ಇದೆ, ಬಡವರ ಮನೆಯ ಹುಡುಗರು ಬಸ್ ಚಾರ್ಜಿಗೇ ಒದ್ದಾಡುತ್ತಾರೆ. ಅವರ ಪ್ರಯಾಣದ ಖರ್ಚನ್ನು ಕಾಲೇಜು ಕೊಡಲೇಬೇಕು.

ಇದು ನಿನ್ನೆ ಮೊನ್ನೆ ಹುಟ್ಟಿದ ಓದಲ್ಲ. ಮುಂಬೈಯಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಸಂಸ್ಥೆ ಶುರುವಾಗಿದ್ದು 1936ರಲ್ಲಿ, ಮಂಗಳೂರಿನ ರೋಶನಿ ನಿಲಯ ಕಾಲೇಜು 1960ರಲ್ಲಿ. ಆದರೂ ವಕೀಲರಿಗೆ ಬಾರ್ ಕೌನ್ಸಿಲ್, ನರ್ಸ್‌ಗಳಿಗೆ ನರ್ಸಿಂಗ್ ಕೌನ್ಸಿಲ್ ಇರುವ ಹಾಗೆ ಸಮಾಜಕಾರ್ಯ ಓದಿದ ಎಲ್ಲರಿಗೂ ಅಂತ ದೇಶದಲ್ಲಿ ಒಂದು ಕೌನ್ಸಿಲ್ ಇವತ್ತಿಗೂ ಇಲ್ಲ. ಹಾಗಾಗಿ ಫೀಲ್ಡ್ ವರ್ಕ್ ಹೇಗೆ ನಡೆಯುತ್ತದೆ ಅನ್ನೋದು ಬಹುಪಾಲು ಆಯಾ ಕಾಲೇಜಿನ ಮೇಷ್ಟ್ರ ಕಾಳಜಿಯ ಮೇಲೆ ನಿಂತಿದೆ. ಅಂಥ ಮೇಷ್ಟ್ರೂ ಇದ್ದಾರೆ. ಬಿಸಿಲಲ್ಲಿ ಮಕ್ಕಳ ಜೊತೆ ಓಣಿ ಓಣಿ ತಿರುಗಿ, ರಾತ್ರಿ ಕೂತು ಒಂದೊಂದು ವರದಿ ಓದಿ ಮಾರ್ಜಿನ್ನಿನಲ್ಲಿ ಪ್ರಶ್ನೆ ಬರೆಯುವವರು. ಅವರಿಗೆ ನನ್ನ ನಮಸ್ಕಾರ.

ಕೆಲಸದ ವಿಷಯವನ್ನೂ ಮುಚ್ಚಿಡಬಾರದು. ಮಕ್ಕಳ ರಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಸಿಗುತ್ತದೆ, ಹೆಚ್ಚಿನವು ಗುತ್ತಿಗೆಯವು. ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತರಾಗಬೇಕೆಂದರೆ ಬಿಎಸ್‌ಡಬ್ಲ್ಯೂ ಸಾಲದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಎಂಎಸ್‌ಡಬ್ಲ್ಯೂ ಅನ್ನುವ ಸ್ನಾತಕೋತ್ತರ ಪದವಿಯ ಮೇಲೆ ಎಂಫಿಲ್ ಕೂಡ ಕೇಳುತ್ತದೆ.

ಮನೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳು ಬಿಎಸ್‌ಡಬ್ಲ್ಯೂ ಅಂದರೆ ದಯವಿಟ್ಟು ಬೇಡ ಅನ್ನಬೇಡಿ. ಅಡ್ಮಿಷನ್ ಮಾಡಿಸುವ ದಿನ ಮಾತ್ರ ಕಾಲೇಜಿನವರನ್ನು ಕೇಳಿ: ವಾರಕ್ಕೆ ಎಷ್ಟು ದಿನ ಫೀಲ್ಡ್? ಯಾವ ಸಂಸ್ಥೆಗೆ ಕಳಿಸುತ್ತೀರಿ? ಜೊತೆಗೆ ಹೋಗುವವರು ಯಾರು? ಮಕ್ಕಳು ಬರೆದ ವರದಿಯನ್ನು ಓದುವವರು ಯಾರು?