ಹಳೆ ಕಾಂಪ್ಯಾಕ್ಟ್ ಕ್ಯಾಮೆರಾ ಬದಲಿಸಬೇಕಾ?

ಪರ: ಬದಲಿಸಿ, ಸೆನ್ಸರ್ ನೋಡಿ ಬದಲಿಸಿ

ಹೊಸ ಕ್ಯಾಮೆರಾ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಅಂತ. ಅದನ್ನು ಪಕ್ಕಕ್ಕಿಡಿ. ಸೆನ್ಸರ್, ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್, ಎಷ್ಟು ದೊಡ್ಡದು ಅಂತ ಕೇಳಿ. ಮನೆಯ ಡ್ರಾಯರ್‌ನಲ್ಲಿ ಬಿದ್ದಿರುವ ಹಳೆ ಕಾಂಪ್ಯಾಕ್ಟ್ ತೆಗೆದು ನೋಡಿದರೆ ಬಹುಪಾಲು 1/2.3 ಇಂಚು ಅಂತ ಇರುತ್ತದೆ. ಆ ಇಂಚು ಹೆಸರಿಗೆ ಮಾತ್ರ, ನಿಜವಾದ ಅಳತೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಇಡೀ ಬೆಟ್ಟ, ಇಡೀ ಮದುವೆ ಮನೆ ಅಷ್ಟರೊಳಗೆ ಇಳಿಯಬೇಕು.

2012ರಲ್ಲಿ ಸೋನಿಯ ಆರ್‌ಎಕ್ಸ್100 ಬಂತು. ಜೇಬಿಗೆ ಹೋಗುವ ಕ್ಯಾಮೆರಾದಲ್ಲಿ 13.2 × 8.8 ಮಿ.ಮೀ. ಸೆನ್ಸರ್, ಒಂದಿಂಚು ಸೆನ್ಸರ್ ಅನ್ನುವುದು ಇದಕ್ಕೇ. ಗುಣಿಸಿ ನೋಡಿ, ನಾಲ್ಕು ಪಟ್ಟು ಜಾಗ. ಆಮೇಲೆ ಕ್ಯಾನನ್, ಪ್ಯಾನಾಸೋನಿಕ್ ಕೂಡ ಅದೇ ದಾರಿ ಹಿಡಿದವು. ರಿಕೋ ಜಿಆರ್, ಫ್ಯೂಜಿಫಿಲ್ಮ್ ಎಕ್ಸ್100 ಸರಣಿಗಳಲ್ಲಂತೂ ದೊಡ್ಡ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಅನ್ನುವ, ಇನ್ನೂ ದೊಡ್ಡ ಸೆನ್ಸರೇ ಇದೆ. ಅವುಗಳಲ್ಲಿ ಜೂಮ್ ಇಲ್ಲ, ಆ ಮಾತು ಬಿಡಿ.

ಲೆನ್ಸಿನದೂ ಅದೇ ಕತೆ. ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಹೆಚ್ಚು. ಹಳೆ ಕಾಂಪ್ಯಾಕ್ಟಿನಲ್ಲಿ ಜೂಮ್ ಪೂರ್ತಿ ಎಳೆದರೆ ಎಫ್/5.9ಕ್ಕೆ ಇಳಿಯುವುದು ಮಾಮೂಲು. ಕ್ಯಾನನ್ ಜಿ7 ಎಕ್ಸ್‌ನಲ್ಲಿ ಪೂರ್ತಿ ಎಳೆದರೂ ಎಫ್/2.8. ಇಲ್ಲೂ ನಾಲ್ಕು ಪಟ್ಟಿಗಿಂತ ಜಾಸ್ತಿ ಬೆಳಕು. ಸೆನ್ಸರ್, ಲೆನ್ಸ್ ಎರಡೂ ಸೇರಿದರೆ ಎಲ್ಲಿಗೆ ಹೋಯಿತು ಲೆಕ್ಕ!

ಸಂಜೆ ಹೊತ್ತಿನ ಒಂದು ಹಳೆ ಫೋಟೊ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಕೆನ್ನೆ ಮೇಲೆ ಕೆಂಪು ಹಸಿರು ಚುಕ್ಕೆ. ಹುಬ್ಬಿನ ಕೂದಲು ಒಂದೊಂದಾಗಿ ಕಾಣುವುದಿಲ್ಲ, ಕಪ್ಪು ಬಣ್ಣ ಬಳಿದಂತೆ ಇರುತ್ತದೆ. ಬೆಳಕು ಸಾಲದೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿತು, ಚುಕ್ಕೆ ಬಂದವು. ಆ ಚುಕ್ಕೆ ಅಳಿಸಲು ಹೋದ ಕ್ಯಾಮೆರಾ ಹುಬ್ಬನ್ನೂ ಅಳಿಸಿತು.

ನನ್ನ ಮಗಳ ಶಾಲೆಯ ನಾಟಕದ ದಿನ ಇದೇ ಆಯಿತು. ಅವಳು ರಾಣಿ. ಬಟನ್ ಒತ್ತಿದರೆ ಲೆನ್ಸ್ ಕತ್ತಲಲ್ಲಿ ಫೋಕಸ್ ಹುಡುಕುತ್ತಾ ಮುಂದೆ ಹಿಂದೆ ಹೋಗುತ್ತದೆ, ಹೋಗುತ್ತದೆ, ಕೊನೆಗೆ ಕ್ಲಿಕ್ ಅನ್ನುವಾಗ ರಾಣಿ ಬೆನ್ನು ತಿರುಗಿಸಿ ಒಳಗೆ ಹೋಗಿ ಆಗಿದೆ. ಫ್ಲ್ಯಾಶ್ ಹಾಕಿದೆ. ಮೂರು ನಾಲ್ಕು ಮೀಟರ್ ದಾಟದ ಫ್ಲ್ಯಾಶ್ ಅದು. ಮುಂದಿನ ಸಾಲಿನಲ್ಲಿ ಕೂತಿದ್ದವರ ಬೋಳುತಲೆಗಳು ಫಳಫಳ, ವೇದಿಕೆ ಪೂರ್ತಿ ಕಪ್ಪು. ಮುಂದಿನ ವರ್ಷ ಒಂದಿಂಚು ಸೆನ್ಸರಿನ ಕ್ಯಾಮೆರಾ ಹಿಡಿದು ಹೋದೆ. ಆ ಸಲ ಅವಳು ಮಂತ್ರಿ. ಫ್ಲ್ಯಾಶ್ ಇಲ್ಲದೆ 1/250 ಸೆಕೆಂಡಿನಲ್ಲಿ ಸಿಕ್ಕಿತು ನೋಡಿ: ಪೇಟ ಜಾರಿ ಒಂದು ಕಿವಿ ಮೇಲೆ ಕೂತಿದೆ, ಅಂಟಿಸಿದ ಮೀಸೆಯ ಅರ್ಧ ಕಿತ್ತು ಬಂದಿದೆ, ಮಾತು ಮರೆತು ಬಾಯಿ ತೆರೆದು ಪಕ್ಕದ ಪರದೆ ಕಡೆ ನೋಡುತ್ತಿದ್ದಾಳೆ. ಮೀಸೆಯ ಕೆಳಗೆ ಇಣುಕುವ ಗೋಂದು ಕೂಡ ಕಾಣುತ್ತದೆ. ಅವಳಿಗೆ ಆ ಫೋಟೊ ಕಂಡರೆ ಆಗುವುದಿಲ್ಲ. ಅವಳ ಅಜ್ಜಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಸ್ನೇಹಿತೆಯರು ಬಂದಾಗಲೆಲ್ಲ ಇವಳು ತೆಗೆದಿಡುತ್ತಾಳೆ, ಅವರು ಮತ್ತೆ ಹಾಕುತ್ತಾರೆ.

ಮೊಬೈಲ್ ಇದೆಯಲ್ಲ ಅನ್ನುವವರಿಗೆ ಒಂದೇ ಮಾತು. ಸರಿಯಾಗಿ ರಾಣಿ ವೇದಿಕೆಗೆ ಬರುವಾಗ ಯಾರದ್ದಾದರೂ ಫೋನ್ ಬರುತ್ತದೆ. ಇನ್ನು ಹಳೆಯದೇ ಸಾಕು ಅನ್ನುವವರು ಯಾರು ಅಂತ ನೋಡಿದ್ದೀರಾ? ಫೋಟೊ ತೆಗೆಯದೆ, ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುವವರು. ಅವರಿಗೆ ಯಾವ ಸೆನ್ಸರ್ ಆದರೇನು, ಅಲ್ವಾ?

ವಿರೋಧ: ಇರುವುದರಲ್ಲೇ ತೆಗೆಯಿರಿ

ಬೇಡ ಅನ್ನುವ ಕಡೆಗೆ ಯಾರೂ ಸಿಗಲಿಲ್ಲವಂತೆ, ಹಾಗಾಗಿ ನನಗೆ ಬಂತು. ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ಮೊದಲು ಮೆಗಾಪಿಕ್ಸೆಲ್. 12 ಮೆಗಾಪಿಕ್ಸೆಲ್ ಅಂದರೆ 4000 × 3000 ಚುಕ್ಕೆ. 24 ಅಂದರೆ 6000 × 4000. ಎರಡು ಪಟ್ಟು ಅಂತ ಕೇಳಲು ಚೆನ್ನ, ಆದರೆ ಅಗಲದಲ್ಲಿ ಹೆಚ್ಚಿದ್ದು ಒಂದೂವರೆ ಪಟ್ಟು ಮಾತ್ರ. ಹಳೆಯದರಿಂದಲೇ 13 × 10 ಇಂಚಿನ ಒಳ್ಳೆ ಪ್ರಿಂಟ್ ಬರುತ್ತದೆ. ನಮ್ಮಲ್ಲಿ ಎಷ್ಟು ಜನ ಅಷ್ಟು ದೊಡ್ಡ ಪ್ರಿಂಟ್ ಹಾಕಿಸುತ್ತಾರೆ? ಸೆನ್ಸರ್ ದೊಡ್ಡದು ಅನ್ನುತ್ತಾರೆ. ಇರಲಿ. ಹಗಲು ಬಿಸಿಲಲ್ಲಿ ತೆಗೆದರೆ ದೊಡ್ಡದೇನು, ಚಿಕ್ಕದೇನು.

ಎರಡನೆಯದು, ಜನ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. 2010ರಲ್ಲಿ ಕಂಪನಿಗಳು ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು. 2023ಕ್ಕೆ ಅದು 80 ಲಕ್ಷವನ್ನೂ ಮುಟ್ಟಲಿಲ್ಲ. ಹೆಚ್ಚು ಪೆಟ್ಟು ತಿಂದದ್ದು ಕಾಂಪ್ಯಾಕ್ಟೇ. ಮೊಬೈಲ್ ಒಂದೇ ಕ್ಲಿಕ್ಕಿಗೆ ಹಲವು ಚಿತ್ರ ತೆಗೆದು, ಬೆರೆಸಿ, ಕತ್ತಲನ್ನೂ ಒಂದು ಮಟ್ಟಕ್ಕೆ ಸರಿಮಾಡುತ್ತದೆ. ತೆಗೆದ ಕೂಡಲೇ ಕಳಿಸಬಹುದು. ಕ್ಯಾಮೆರಾದಿಂದ ಕಳಿಸಬೇಕಾದರೆ ವೈಫೈ ಹಾಕಿ, ಆಪ್ ತೆರೆದು, ಅದು ಹುಡುಕುವವರೆಗೆ ಕಾಯಬೇಕು.

ಮತ್ತೆ, ಹೊಸದರಲ್ಲಿ ಹಳೆ ಕಾಯಿಲೆಗಳು ಹಾಗೇ ಇವೆ. ಆನ್ ಮಾಡಿದಾಗ ಹೊರಗೆ ಬರುವ ಲೆನ್ಸಿನ ಸಂದಿನಲ್ಲಿ ಧೂಳು ಒಳಗೆ ಹೋಗುತ್ತದೆ. ಸೆನ್ಸರ್ ಮೇಲೆ ಕೂತರೆ ಪ್ರತಿ ಫೋಟೊದ ಆಕಾಶದಲ್ಲೂ ಅದೇ ಜಾಗದಲ್ಲಿ ಬೂದು ಕಲೆ. ಲೆನ್ಸ್ ಕಳಚಲು ಬರುವುದಿಲ್ಲ, ಒರೆಸುವಂತಿಲ್ಲ, ರಿಪೇರಿಗೇ ಕೊಡಬೇಕು. ಬ್ಯಾಟರಿಯೂ ಅಷ್ಟೇ. 2019ರ ಆರ್‌ಎಕ್ಸ್100 VII ಕ್ಯಾಮೆರಾಗೆ ಕಂಪನಿಯೇ ಹೇಳುವುದು ಒಂದು ಚಾರ್ಜಿಗೆ ಸುಮಾರು 260 ಫೋಟೊ. ಮಧ್ಯಾಹ್ನ ಆಗುವುದರೊಳಗೆ ಇನ್ನೊಂದು ಬ್ಯಾಟರಿ ಹುಡುಕಬೇಕು.

ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. 2000ದ ದಶಕದ, ಸಿಸಿಡಿ ಅನ್ನುವ ಹಳೆ ಬಗೆಯ ಸೆನ್ಸರಿನ ಕಾಂಪ್ಯಾಕ್ಟುಗಳನ್ನು ಈಗಿನ ಹುಡುಗರು ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರೆ, ನಿಮ್ಮ ಹತ್ತಿರ ಆಗಲೇ ಇದೆ. ಎಕ್ಸ್‌ಡಿ ಅನ್ನುವ ಹಳೆ ಮೆಮೊರಿ ಕಾರ್ಡ್ ಹಾಕುವಂಥದ್ದಾದರೆ ಮಾತ್ರ ಸ್ವಲ್ಪ ಕಷ್ಟ, ಆ ಕಾರ್ಡ್ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು.

ಇಷ್ಟೆಲ್ಲ ಓದಿದ ಮೇಲೂ ಕೊಳ್ಳಲೇಬೇಕು ಅನ್ನಿಸಿದರೆ, ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇರುವುದನ್ನೇ ನೋಡಿ. ಬಿಸಿಲಲ್ಲಿ ಹಿಂದಿನ ಸ್ಕ್ರೀನಿನಲ್ಲಿ ಏನೂ ಕಾಣುವುದಿಲ್ಲ. ಸುಮ್ನೆ ವಿಚಾರಿಸಿ ಇಟ್ಟಿದ್ದೇನೆ.