ಧ್ರುವ ನಕ್ಷತ್ರ ಕಾಣದ ಅಂಗಳದಲ್ಲಿ ಏನು ಮಾಡುವುದು?
'ಮೊದಲ ದಿನವೇ ಮೌಂಟನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಿ, ಇಲ್ಲದಿದ್ದರೆ ಫೋಟೋದ ಆಸೆ ಬಿಡಿ' ಎಂದು ಬರೆದಿದ್ದೀರಿ. ಮೌಂಟ್ ಎಂದರೆ ಟೆಲಿಸ್ಕೋಪನ್ನು ಹೊತ್ತು, ನಕ್ಷತ್ರಗಳ ಜೊತೆ ತಿರುಗಿಸುವ ಸ್ಟ್ಯಾಂಡ್. ಈ ಮಾತನ್ನು ಒಪ್ಪಲಾರೆ. ನಮ್ಮ ಮನೆ ಬದಿಯಡ್ಕದ ಹತ್ತಿರ. ಕಾಸರಗೋಡಿನ ಅಕ್ಷಾಂಶ ಸುಮಾರು 12.5 ಡಿಗ್ರಿ, ಧ್ರುವ ನಕ್ಷತ್ರ ಇರುವುದೂ ದಿಗಂತದಿಂದ ಸುಮಾರು ಅಷ್ಟೇ ಡಿಗ್ರಿ ಎತ್ತರದಲ್ಲಿ. ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತರೆ ಉತ್ತರಕ್ಕೆ ತೋಟವೇ ಕಾಣುತ್ತದೆ. ಎರಡು ತಿಂಗಳು ಸುಮ್ನೆ ಹುಡುಕಿದೆ.

ಆಮೇಲೆ ದಾರಿ ಸಿಕ್ಕಿತು. ಮೌಂಟಿನ ಎತ್ತರದ ಅಳತೆಪಟ್ಟಿಯಲ್ಲಿ 12.5 ಇಟ್ಟು, ಫೋನಿನ ದಿಕ್ಸೂಚಿಯಿಂದ ಉತ್ತರಕ್ಕೆ ತಿರುಗಿಸಿ. ಕಣ್ಣಿನಿಂದ ನೋಡಲು ಇಷ್ಟು ಸಾಕು. ಫೋಟೋಗೆ ಇನ್ನೊಂದು ಕೆಲಸ ಇದೆ. ದಕ್ಷಿಣೋತ್ತರ ರೇಖೆಯ (ಉತ್ತರದಿಂದ ನೆತ್ತಿಯ ಮೇಲೆ ಹಾದು ದಕ್ಷಿಣಕ್ಕೆ ಹೋಗುವ ಗೆರೆ) ಹತ್ತಿರ, ಖಗೋಳದ ಸಮಭಾಜಕದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿರುವ ಗೆರೆ) ಸಮೀಪ ಇರುವ ಒಂದು ನಕ್ಷತ್ರವನ್ನು ಟೆಲಿಸ್ಕೋಪಿನಲ್ಲಿ ಐದು ನಿಮಿಷ ಗಮನಿಸಿ. ಅದು ದಕ್ಷಿಣಕ್ಕೆ ಜಾರಿದರೆ ಮೌಂಟಿನ ಅಕ್ಷ, ಅಂದರೆ ಅದು ತಿರುಗುವ ಕಡ್ಡಿ, ಪೂರ್ವಕ್ಕೆ ವಾಲಿದೆ ಎಂದರ್ಥ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಅಕ್ಷದ ಎತ್ತರ ಸರಿ ಇದೆಯೇ ಎಂದು ತಿಳಿಯಲು ಪೂರ್ವದಲ್ಲಿ ಕೆಳಗಿರುವ ನಕ್ಷತ್ರವನ್ನು ಹೀಗೆಯೇ ನೋಡಬೇಕು. ತಾಳ್ಮೆ ಬೇಕು, ಆದರೆ ಧ್ರುವ ನಕ್ಷತ್ರ ಬೇಕಾಗಿಲ್ಲ.

ಇನ್ನೊಂದು ಮಾತು. ಉತ್ತರ ತಗ್ಗಿದ್ದಷ್ಟೂ ದಕ್ಷಿಣ ನಮಗೆ ಜಾಸ್ತಿ ತೆರೆದುಕೊಳ್ಳುತ್ತದೆ, ಅಲ್ವಾ? ಏಪ್ರಿಲ್ ಕೊನೆಗೆ ರಾತ್ರಿ 11 ಕಳೆದ ಮೇಲೆ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ದಕ್ಷಿಣದಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ದೆಹಲಿಯಲ್ಲಿ ಅದು 14 ಡಿಗ್ರಿ ದಾಟುವುದು ಕಷ್ಟ. ನಮ್ಮ ಕಡೆಯ ಮಕ್ಕಳಿಗೆ ಮೊದಲು ಅದನ್ನು ತೋರಿಸಿ. ಲಕ್ಷಾಂತರ ನಕ್ಷತ್ರಗಳ ಆ ಗುಂಪನ್ನು ನೋಡಿದ ರಾತ್ರಿ ನನ್ನ ಮಗಳು ಮಲಗಲೇ ಇಲ್ಲ.